ಹತ್ತುವ ಮಗಳು, ನುಂಗುವ ಮಗ

ಆ ದಿನ ನಾನು ಅದೇ ಕೋಣೆಯಲ್ಲಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಕೇಳಿದ್ದು ಅದನ್ನೇ: "ನೀನೆಲ್ಲಿದ್ದೆ?" ಮಂಚದ ತುದಿಯಲ್ಲಿ ಕೂತಿದ್ದೆ. ಕೈಯಲ್ಲಿ ಫೋನಿತ್ತು. ಕೆಲಸದ ಒಂದು ಮೆಸೇಜಿಗೆ ಉತ್ತರ ಟೈಪ್ ಮಾಡುತ್ತಿದ್ದೆ. ಎರಡೇ ಸಾಲಿನ ಉತ್ತರ.

ಮಗಳಿಗೆ ಆಗ ಎರಡೂವರೆ ವರ್ಷ. ಬಟ್ಟೆ ಇಡುವ ನಾಲ್ಕು ಡ್ರಾಯರಿನ ಕಪಾಟಿನ ಮುಂದೆ ಕೂತಿದ್ದಳು. ಕೆಳಗಿನ ಡ್ರಾಯರ್ ಎಳೆದ ಸದ್ದು ನನಗೆ ಕೇಳಿಸಿತ್ತು. ಸಾಕ್ಸ್ ಎಲ್ಲ ಹೊರಗೆ ಹಾಕ್ತಾಳೆ, ಹಾಕಲಿ ಬಿಡು ಅಂದುಕೊಂಡೆ. ಎರಡನೆಯದನ್ನು ಎಳೆದದ್ದೂ ಕೇಳಿಸಿತು. ಮೂರನೆಯದರ ಹೊತ್ತಿಗೆ ತಲೆ ಎತ್ತಿದೆ. ಕೆಳಗಿನದನ್ನು ಪೂರ್ತಿ, ಅದರ ಮೇಲಿನದನ್ನು ಅರ್ಧ, ಮೂರನೆಯದನ್ನು ಒಂದು ಗೇಣು ಎಳೆದು ತನಗೆ ಬೇಕಾದ ಅಳತೆಯ ಮೆಟ್ಟಿಲು ಮಾಡಿಕೊಂಡಿದ್ದಳು. ಎರಡನೆಯದರ ಮೇಲೆ ನಿಂತು, ಕಪಾಟಿನ ಮೇಲಿದ್ದ ಟಾರ್ಚಿಗೆ ಕೈ ಚಾಚುತ್ತಿದ್ದಳು. ಕಪಾಟಿನ ಹಿಂದಿನ ಕಾಲು ನೆಲ ಬಿಟ್ಟಿತ್ತು. ಒಂದು ಬೆರಳಿನಷ್ಟು.

ಎದ್ದದ್ದು, ಓಡಿದ್ದು ನೆನಪಿಲ್ಲ. ಭುಜ ಕೊಟ್ಟು ಕಪಾಟನ್ನು ಗೋಡೆಗೆ ಒತ್ತಿದ್ದು ನೆನಪಿದೆ. ಮೇಲಿದ್ದ ಗಾಜಿನ ಫೋಟೋ ಫ್ರೇಮು ನನ್ನ ಬೆನ್ನಿಗೆ ಬಡಿದು ನೆಲಕ್ಕೆ ಬಿತ್ತು. ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದು, ಏನೂ ಆಗಿಲ್ಲ ಅನ್ನುವ ಹಾಗೆ, "ಅಪ್ಪಾ, ಟಾರ್ಚು ಕೊಡು" ಅಂದಳು.

ಚಿಕ್ಕವನು ಆ ಹೊತ್ತಿಗೆ ಒಂಬತ್ತು ತಿಂಗಳವನು, ನೆಲದ ಮೇಲೆ ತೆವಳಿಕೊಂಡು ನಮ್ಮ ಕಡೆಗೇ ಬರುತ್ತಿದ್ದ. ಕಪಾಟು ಬಿದ್ದಿದ್ದರೆ ಯಾರ ಮೇಲೆ ಬೀಳುತ್ತಿತ್ತು ಅಂತ ಆ ರಾತ್ರಿ ಎಷ್ಟು ಸಲ ಲೆಕ್ಕ ಹಾಕಿದೆನೋ.

ಮಾರನೇ ದಿನವೇ ಡ್ರಿಲ್ ಮಷಿನ್ ಹೊರತೆಗೆದೆ. ಕಪಾಟು ಯಾಕೆ ಹಾಗೆ ವಾಲುತ್ತದೆ ಅನ್ನುವುದು ಯೋಚಿಸಿದರೆ ಸುಲಭ. ಡ್ರಾಯರುಗಳೆಲ್ಲ ಒಟ್ಟಿಗೆ ಹೊರಗೆ ಬಂದರೆ ಅದರ ಭಾರ ಮುಂದಕ್ಕೆ ಬರುತ್ತದೆ. ಮೇಲೆ ಮಗುವಿನ ಭಾರವೂ ಸೇರಿದರೆ ಮುಂದಿನ ಕಾಲುಗಳ ಮೇಲೇ ಇಡೀ ಕಪಾಟು ತಿರುಗುತ್ತದೆ. ಅಮೆರಿಕದಲ್ಲಿ ಇದಕ್ಕೆಂದೇ 2022ರ ಕೊನೆಯಲ್ಲಿ ಕಾನೂನು ಮಾಡಿದರು. 2023ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಬಟ್ಟೆ ಕಪಾಟುಗಳು ಸುಮಾರು 27 ಕಿಲೋ ತೂಕದವರೆಗಿನ ಮಗು ಹತ್ತಿದರೂ ಬೀಳದ ಹಾಗೆ ಪರೀಕ್ಷೆ ಪಾಸಾಗಬೇಕು. ನಮ್ಮದು ಅದಕ್ಕಿಂತ ಎಷ್ಟೋ ಹಳೆಯದು. ಯಾರ ಪರೀಕ್ಷೆಯನ್ನೂ ಬರೆದದ್ದಲ್ಲ.

ಮೊದಲ ಸ್ಕ್ರೂ ಹಾಕಿ, ಕಪಾಟನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದೆ. ಸ್ಕ್ರೂ ಗಾರೆಯ ಸಮೇತ ಕೈಗೆ ಬಂತು. ಗೋಡೆಯ ಮೇಲಿನ ಗಾರೆಗೆ ಮಾತ್ರ ಕಚ್ಚಿಕೊಂಡಿತ್ತು ಅದು, ಒಳಗಿನ ಇಟ್ಟಿಗೆಗೆ ತಲುಪಿರಲೇ ಇಲ್ಲ. ಎಳೆದು ನೋಡದೆ ಬಿಟ್ಟಿದ್ದರೆ "ಕಪಾಟು ಭದ್ರ ಮಾಡಿದ್ದೇನೆ" ಅಂತ ನಂಬಿಕೊಂಡು ಆರಾಮಾಗಿ ಇರುತ್ತಿದ್ದೆ. ಅದು ಮೊದಲಿದ್ದ ಸ್ಥಿತಿಗಿಂತ ಕೆಟ್ಟದ್ದು ಅಲ್ವಾ? ಎರಡನೇ ಸಲ ಉದ್ದದ ಸ್ಕ್ರೂ, ಇಟ್ಟಿಗೆಯವರೆಗೆ ತೂತು, ಒಳಗೆ ಪ್ಲಗ್, ಕಪಾಟಿನ ಹಿಂಬದಿಯ ತೆಳು ಹಲಗೆಗೆ ಹಾಕದೆ ಗಟ್ಟಿ ಚೌಕಟ್ಟಿಗೇ ಎರಡು ಎಲ್ ಕ್ಲ್ಯಾಂಪು. ಆಮೇಲೆ ಡ್ರಾಯರೆಲ್ಲ ತೆರೆದು ನಾನೇ ಒಂದು ಕಾಲಿಟ್ಟು ಒತ್ತಿದೆ. ಅಲ್ಲಾಡಲಿಲ್ಲ. ಪುಸ್ತಕದ ಶೆಲ್ಫು, ಶೂ ಸ್ಟ್ಯಾಂಡು, ಟೀವಿ, ಎಲ್ಲಕ್ಕೂ ಅದೇ ಉಪಚಾರವಾಯಿತು. ಕಪಾಟಿನ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಯಾವುದನ್ನೂ ಇಡುವುದನ್ನು ನಿಲ್ಲಿಸಿದೆವು. ಅವಳು ಹತ್ತಿದ್ದು ಹತ್ತುವ ಚಟಕ್ಕಲ್ಲ, ಟಾರ್ಚಿಗೆ.

ಒಂದು ಕೆಲಸ ಚೆನ್ನಾಗಿ ಆದರೆ ಅದರ ಅಮಲು ಏರುತ್ತದೆ. ಮುಂದಿನ ವಾರವೆಲ್ಲ ನಾನು ಲಾಕ್ ತರಿಸುವುದರಲ್ಲೇ ಕಳೆದೆ. ಒತ್ತಿದರೆ ತೆರೆಯುವುದು, ಎರಡು ಕಡೆ ಅದುಮಿದರೆ ತೆರೆಯುವುದು, ಅಂಟು ಪಟ್ಟಿಯದ್ದು, ಬಾಗಿಲ ಹಿಡಿಗೆ ಹಾಕುವುದು. ಹೆಂಡತಿ ಕೆಲಸದಿಂದ ಬಂದು ಕೈ ತೊಳೆಯಲು ಬಾತ್‌ರೂಮ್ ಬಾಗಿಲು ತೆರೆಯಲಾಗದೆ ಹೊರಗೇ ನಿಂತು, "ಇದು ಮನೆಯೋ ಜೈಲೋ?" ಅಂದಳು.

ಅಡುಗೆ ಕಟ್ಟೆಯ ಕೆಳಗಿನ ಲಾಕನ್ನು ಮಗಳು ಒಂಬತ್ತನೇ ದಿನ ತೆಗೆದಳು. ಬಲ ಹಾಕಿ ಕಿತ್ತದ್ದಲ್ಲ. ದಿನಕ್ಕೆ ಇಪ್ಪತ್ತು ಸಲ ನಾನು ಅವಳ ಮುಂದೆಯೇ ತೆಗೆಯುತ್ತಿದ್ದೆನಲ್ಲ, ಅದನ್ನು ನೋಡಿ ಕಲಿತಿದ್ದಳು. ಹೆಬ್ಬೆರಳು ಸಾಲದೆ ಎರಡು ಕೈ ಹಾಕಿದಳು, ಅಷ್ಟೇ ವ್ಯತ್ಯಾಸ. ತೆರೆದು, ಪಾತ್ರೆ ತೊಳೆಯುವ ಲಿಕ್ವಿಡ್ ಬಾಟಲಿ ಎತ್ತಿ ತಮ್ಮನ ಕೈಗೆ ಕೊಟ್ಟಳು. ಅವನು ಮುಚ್ಚಳ ಚೀಪುತ್ತಿದ್ದ. ಮುಚ್ಚಳ ಬಿಗಿಯಾಗಿತ್ತು, ನಮ್ಮ ಪುಣ್ಯ.

ಆಗ ಮುಚ್ಚಳಗಳ ಬಗ್ಗೆ ಓದಿದೆ. ಮಾತ್ರೆ ಡಬ್ಬಿಗಳಿಗೆ ಬರುತ್ತಲ್ಲ, ಒತ್ತಿಕೊಂಡು ತಿರುಗಿಸುವ ಮುಚ್ಚಳ, ಅದು 1967ರಲ್ಲಿ ಕೆನಡಾದ ಮಕ್ಕಳ ಡಾಕ್ಟರ್ ಹೆನ್ರಿ ಬ್ರೋ ಅವರ ಹಟದಿಂದ ಬಂದದ್ದು. ಔಷಧ ನುಂಗಿ ಬರುವ ಮಕ್ಕಳನ್ನು ನೋಡಿ ನೋಡಿ ಸಾಕಾಗಿತ್ತು ಅವರಿಗೆ. ಇಂಥ ಮುಚ್ಚಳಗಳನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡುವ ರೀತಿ ಮಜವಾಗಿದೆ. 42ರಿಂದ 51 ತಿಂಗಳಿನ ಮಕ್ಕಳ ಕೈಗೆ ಡಬ್ಬಿ ಕೊಟ್ಟು ಐದು ನಿಮಿಷ ಬಿಡುತ್ತಾರೆ. ಆಮೇಲೆ ತೆರೆಯುವುದು ಹೇಗೆ ಅಂತ ಒಮ್ಮೆ ತೋರಿಸಿ ಇನ್ನೈದು ನಿಮಿಷ ಕೊಡುತ್ತಾರೆ. ಕೊನೆಗೆ ನೂರಕ್ಕೆ 80 ಮಕ್ಕಳಿಗೆ ತೆರೆಯಲು ಆಗದಿದ್ದರೆ ಮುಚ್ಚಳ ಪಾಸು. ಅಂದರೆ ಹತ್ತರಲ್ಲಿ ಎರಡು ಮಕ್ಕಳು ಹತ್ತು ನಿಮಿಷದಲ್ಲಿ ತೆರೆದರೂ ಅದು ಒಳ್ಳೆಯ ಮುಚ್ಚಳವೇ. ನನ್ನ ಮಗಳು ಆ ಇಬ್ಬರಲ್ಲಿ ಒಬ್ಬಳು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಅಲ್ಲಿಗೆ ನನ್ನ ಲಾಕ್ ಅಮಲು ಇಳಿಯಿತು. ಲಾಕ್ ಅಂದರೆ ತಡೆ ಅಲ್ಲ, ತಡ. ನಾನು ಎದ್ದು ಬರುವಷ್ಟು ಹೊತ್ತು ಕೊಡುತ್ತದೆ. ಎದ್ದು ಬರಬೇಕಾದವನು ನಾನೇ. ಸೋಪು, ಫಿನಾಯಿಲು, ಔಷಧ ಎಲ್ಲ ಮೇಲಿನ ಕಪಾಟಿಗೆ ಹೋದವು, ಅಲ್ಲಿಗೇ ಲಾಕು. ಕೆಳಗಿನ ಕಪಾಟಿಗೆ ಪ್ಲಾಸ್ಟಿಕ್ ಡಬ್ಬಿ, ಮರದ ಸೌಟು, ಮುಚ್ಚಳಗಳನ್ನು ತುಂಬಿ ಲಾಕ್ ತೆಗೆದುಬಿಟ್ಟೆ. ಮೂರು ದಿನ ಇಬ್ಬರೂ ಅಲ್ಲೇ ಇದ್ದರು.

ಹೆಂಡತಿ ಒಂದು ಭಾನುವಾರ, "ನೀನು ನಿನ್ನ ಎತ್ತರದಿಂದ ಮನೆ ನೋಡ್ತಾ ಇದೀಯ. ಒಂದ್ಸಲ ಅವನ ಎತ್ತರಕ್ಕೆ ಬಾ" ಅಂದಳು. ಸರಿ, ಇಬ್ಬರೂ ನೆಲಕ್ಕೆ ಕೈಯೂರಿ ಮಂಡಿಯ ಮೇಲೆ ಹೊರಟೆವು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಂಭ್ರಮ ಬೇರೆ ಇರಲಿಲ್ಲ. ಮಗಳು ನನ್ನ ಬೆನ್ನು ಹತ್ತಿದಳು.

ನೆಲದಿಂದ ನೋಡಿದರೆ ಮನೆಯೇ ಬೇರೆ. ಮೇಜಿನ ಕೆಳಮೈಯಿಂದ ಒಂದು ಮೊಳೆಯ ತುದಿ ಹೊರಗೆ ಬಂದಿತ್ತು. ಎಷ್ಟು ವರ್ಷದಿಂದಲೋ. ಕಿಟಕಿಯ ಬ್ಲೈಂಡಿನ ದಾರ ಕುಣಿಕೆಯಾಗಿ ಸರಿಯಾಗಿ ಚಿಕ್ಕವನ ಕುತ್ತಿಗೆಯ ಎತ್ತರಕ್ಕೆ ತೂಗುತ್ತಿತ್ತು. ನನ್ನ ಎತ್ತರದಿಂದ ಅದು ಬರೀ ದಾರ. ಅಲ್ಲಿಂದ ನೋಡಿದರೆ ಉರುಳು. ಅಂಥ ಕುಣಿಕೆಯಲ್ಲಿ ಕುತ್ತಿಗೆ ಸಿಕ್ಕಿದರೆ ಮಗು ಕೂಗುವುದಿಲ್ಲ, ಕೂಗಲು ಆಗುವುದೇ ಇಲ್ಲ. ಅವತ್ತೇ ಬ್ಲೈಂಡ್ ಬಿಚ್ಚಿ ಬಟ್ಟೆಯ ಪರದೆ ಹಾಕಿದೆವು. ಮಗಳ ಮಂಚ ಕಿಟಕಿಗೆ ಒರಗಿಕೊಂಡಿತ್ತು. ಮಂಚದಿಂದ ಕಿಟಕಿ ಕಟ್ಟೆಗೆ ಒಂದೇ ಹೆಜ್ಜೆ. ಸೊಳ್ಳೆ ಜಾಲರಿ ಇದೆಯಲ್ಲ ಅಂದುಕೊಂಡಿದ್ದೆ. ಆ ಜಾಲರಿ ತಡೆಯುವುದು ಸೊಳ್ಳೆಯನ್ನು, 12 ಕಿಲೋ ಮಗುವನ್ನಲ್ಲ. ಮಂಚ ಎದುರು ಗೋಡೆಗೆ ಹೋಯಿತು. ಕಿಟಕಿ 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದ ಹಾಗೆ ತಡೆ ಹಾಕಿದೆವು.

ಸೋಫಾ ಕೆಳಗೆ ಸಿಕ್ಕಿದ್ದು ಒಂದು ಬೊಗಸೆ ಸಾಮಾನು. ಗೋಲಿ, ಪೆನ್ನಿನ ಕ್ಯಾಪು, ನಾಣ್ಯ, ಗೊಂಬೆಯ ಶೂ. ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ಹೆಂಡತಿ ಎಲ್ಲಿಂದಲೋ ತಂದಳು. ಅದರೊಳಗೆ ತೂರುವ ಯಾವ ವಸ್ತುವೂ ಚಿಕ್ಕವನ ಕೈಗೆ ಸಿಗಬಾರದು ಅನ್ನುವುದು ಲೆಕ್ಕ. ಆಟಿಕೆ ತಯಾರಕರು ಬಳಸುವ ಪರೀಕ್ಷೆಯ ಕೊಳವೆ ಇನ್ನೂ ಕಿರಿದು, ಅದರ ಬಾಯಿ 3.17 ಸೆಂಟಿಮೀಟರ್. ಮನೆಯ ಲೆಕ್ಕ ಸ್ವಲ್ಪ ಧಾರಾಳವಾಗಿಯೇ ಇರಲಿ. ಮಗಳ ಅರ್ಧದಷ್ಟು ಆಟಿಕೆ ಕೊಳವೆಯಲ್ಲಿ ತೂರಿದವು. ಅವಳ ವಯಸ್ಸಿಗೆ ಸರಿಯಿದ್ದದ್ದು ಅವನ ವಯಸ್ಸಿಗೆ ಗಂಟಲ ಗಾಣ. ಇಬ್ಬರು ಮಕ್ಕಳ ಮನೆಯ ನಿಜವಾದ ತಲೆನೋವು ಇದೇ. ಅವಳ ಚಿಕ್ಕ ಆಟಿಕೆಗಳಿಗೆ ಒಂದು ಪೆಟ್ಟಿಗೆ ಮಾಡಿ, "ಇದು ದೊಡ್ಡವರ ಪೆಟ್ಟಿಗೆ, ಊಟದ ಮೇಜಿನ ಮೇಲೆ ಮಾತ್ರ" ಅಂದೆವು. ದೊಡ್ಡವರ ಸಾಲಿಗೆ ಸೇರಿದ ಜಂಬಕ್ಕೇ ಒಪ್ಪಿಕೊಂಡಳು.

ಬಟನ್ ಸೆಲ್ಲಿನ ಕಥೆ ಇನ್ನೂ ಹೇಳಿಲ್ಲ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಾಡುವ ಒಂದು ಗೊಂಬೆ ಹಾಡು ನಿಲ್ಲಿಸಿತ್ತು. ಹಿಂಬದಿ ನೋಡಿದರೆ ಮುಚ್ಚಳ ಇಲ್ಲ. ಎರಡು ಬಟನ್ ಸೆಲ್ ಇರಬೇಕಾದ ಜಾಗದಲ್ಲಿ ಒಂದೇ ಇತ್ತು. ಸುತ್ತ ಹುಡುಕಿದೆ. ಇನ್ನೊಂದು ಇಲ್ಲ. ಚಿಕ್ಕವನು ಅಲ್ಲೇ ಪಕ್ಕದಲ್ಲಿ ಬಾಯಿ ಚಪ್ಪರಿಸುತ್ತಾ ಕೂತಿದ್ದ. ಅವನು ಯಾವಾಗಲೂ ಬಾಯಿ ಚಪ್ಪರಿಸುತ್ತಾನೆ. ಆದರೆ ಆ ಹೊತ್ತಿಗೆ ಅದು ಬೇರೆ ಥರ ಕಂಡಿತು.

ನಾಣ್ಯ ನುಂಗಿದರೆ ಎಷ್ಟೋ ಸಲ ಅದು ತಾನಾಗಿಯೇ ಹೊರಗೆ ಹೋಗುತ್ತದೆ. ಬಟನ್ ಸೆಲ್ ಹಾಗಲ್ಲ. ನಾಣ್ಯದಷ್ಟು ದೊಡ್ಡ ಲಿಥಿಯಂ ಸೆಲ್, 20 ಮಿಲಿಮೀಟರ್ ಅಗಲದ್ದು, ಮಗುವಿನ ಅನ್ನನಾಳದಲ್ಲಿ ಸಿಕ್ಕಿಹಾಕಿಕೊಂಡರೆ ಅಲ್ಲಿನ ಒದ್ದೆಯಲ್ಲೇ ಕರೆಂಟ್ ಹರಿಯಲು ಶುರು. ಸೆಲ್ ಒಡೆದು ಏನೋ ಸೋರಬೇಕು ಅಂತಿಲ್ಲ. ಆ ಕರೆಂಟಿನಿಂದ ತಾಗಿದ ಜಾಗದಲ್ಲೇ ಕ್ಷಾರ ಹುಟ್ಟಿ, ಮಾಂಸವನ್ನು ಸುಡುತ್ತಾ ಹೋಗುತ್ತದೆ. ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ಗೊಂಬೆ ಹಾಡದಷ್ಟು ಸತ್ತ ಸೆಲ್ಲಿನಲ್ಲೂ ಅದಕ್ಕೆ ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಮಗು ಮೊದಮೊದಲು ಸುಮ್ನೆ ಆಡಿಕೊಂಡೇ ಇರಬಹುದು. ಕಾದು ನೋಡೋಣ ಅನ್ನುವ ಹಾಗಿಲ್ಲ, ವಾಂತಿ ಮಾಡಿಸುವ ಹಾಗೂ ಇಲ್ಲ. ನೇರ ಆಸ್ಪತ್ರೆ, ಎಕ್ಸ್‌ರೇ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ನಿಮಿಷ ಸೋಫಾ ಎತ್ತಿ, ಚಾಪೆ ಮಗುಚಿ ಹುಡುಕಿದೆ. ಸಿಗಲಿ ಅನ್ನುವ ಆಸೆ ಕಾಲನ್ನು ಕಟ್ಟಿಹಾಕುತ್ತದೆ. ಕೊನೆಗೆ ಹೆಂಡತಿಯೇ ಫೋನಿನಲ್ಲಿ, "ಹುಡುಕೋದು ನಿಲ್ಲಿಸು, ಹೊರಡು" ಅಂತ ಗದರಿದಳು. ಉಳಿದಿದ್ದ ಸೆಲ್ಲನ್ನು ಡಾಕ್ಟರಿಗೆ ತೋರಿಸಲು ಜೇಬಿಗೆ ಹಾಕಿಕೊಂಡೆ. ಪಕ್ಕದ ಮನೆಯವರು ಮಗಳನ್ನು ನೋಡಿಕೊಂಡರು.

ಎಕ್ಸ್‌ರೇಯಲ್ಲಿ ನಾಣ್ಯವೂ ಬಟನ್ ಸೆಲ್ಲೂ ದುಂಡಗೆ ಬಿಳಿಯಾಗಿಯೇ ಕಾಣುತ್ತವೆ, ಆದರೆ ಸೆಲ್ಲಿನ ಅಂಚಿನಲ್ಲಿ ಒಂದರೊಳಗೊಂದು ಎರಡು ಬಳೆಯ ಗುರುತು ಇರುತ್ತದೆ ಅಂತ ಡಾಕ್ಟರು ವಿವರಿಸಿದರು. ಚಿಕ್ಕವನ ಎಕ್ಸ್‌ರೇಯಲ್ಲಿ ಒಂದೂ ಬಳೆ ಇರಲಿಲ್ಲ. ಗಂಟಲಿಂದ ಹೊಟ್ಟೆಯ ಕೆಳಗಿನವರೆಗೆ ಖಾಲಿ. ನನಗೆ ಕೂತುಬಿಡಬೇಕು ಅನ್ನಿಸಿತು. "ಏನೂ ಇಲ್ಲದಿದ್ದಕ್ಕೆ ಬಂದ್ರಿ ಅಂತ ಬೇಜಾರು ಮಾಡ್ಕೋಬೇಡಿ" ಅಂದರು ಡಾಕ್ಟರು. "ಇದ್ದು ಬರದವರ ಕಷ್ಟ ನಾವು ನೋಡಿದೀವಿ."

ಸೆಲ್ ಸಿಕ್ಕಿದ್ದು ಎರಡು ದಿನ ಬಿಟ್ಟು. ಮಗಳ ಮ್ಯಾಗ್ನೆಟ್ ಹಲಗೆಗಳಲ್ಲಿ ಒಂದಕ್ಕೆ ಹಿಂಬದಿಯಿಂದ ಅಂಟಿಕೊಂಡಿತ್ತು. ಅದನ್ನು ಕಿತ್ತು ತೆಗೆಯುವಾಗ ನೋಡಿದರೆ ಆ ಹಲಗೆಯ ಮೂಲೆ ಸೀಳಿತ್ತು, ಒಳಗಿನ ಮ್ಯಾಗ್ನೆಟ್ ಅರ್ಧ ಇಣುಕುತ್ತಿತ್ತು. ಮ್ಯಾಗ್ನೆಟ್ಟಿನದು ಇನ್ನೊಂದೇ ಪುರಾಣ. ಎರಡು ನುಂಗಿದರೆ ಕರುಳಿನ ಎರಡು ಸುರುಳಿಗಳನ್ನು ನಡುವೆ ಹಿಡಿದು ಒಂದನ್ನೊಂದು ಎಳೆದುಕೊಳ್ಳುತ್ತವೆ, ಕರುಳಿಗೆ ತೂತು ಬೀಳುತ್ತದೆ. ಆ ಹಲಗೆಯನ್ನು ಕಸಕ್ಕೆ ಹಾಕಿದೆ. ಒಂದು ಅಪಾಯ ಇನ್ನೊಂದನ್ನು ಹುಡುಕಿಕೊಟ್ಟಿತ್ತು. ಅವತ್ತಿನಿಂದ ಮನೆಗೆ ಬರುವ ಸೆಲ್ಲಿನ ವಸ್ತುವಿಗೆ ಒಂದೇ ಪ್ರಶ್ನೆ: ಮುಚ್ಚಳಕ್ಕೆ ಸ್ಕ್ರೂ ಇದೆಯಾ? ಇಲ್ಲ ಅಂದರೆ ಮೇಲಿನ ಕಪಾಟಿಗೆ. ಹಳೆಯ ಸೆಲ್‌ಗಳಿಗೆ ಎರಡೂ ಕಡೆ ಟೇಪ್ ಸುತ್ತಿ, ಅವತ್ತೇ ಮನೆಯಿಂದ ಹೊರಗೆ.

ಅಷ್ಟರಲ್ಲಿ ಹೆಂಡತಿ ಒಂದು ಲೆಕ್ಕ ಹೇಳಿದಳು, ಅದೇ ನಮ್ಮ ಮನೆಯ ಕಾನೂನಾಯಿತು. "ಪೆಟ್ಟಿನಲ್ಲಿ ಎರಡು ಥರ. ಮುಲಾಮಿಗೆ ಹೋಗೋದು, ಮುಲಾಮಿಗೆ ಹೋಗದ್ದು. ಎರಡನೇ ಥರದ್ದನ್ನ ಪೂರ್ತಿ ಮುಚ್ಚಿಬಿಡೋಣ. ಮೊದಲನೇದಕ್ಕೆ ಕಿರುಚೋದು ನಿಲ್ಲಿಸು ನೀನು." ನಾನು ದಿನವಿಡೀ ಕಿರುಚುತ್ತಿದ್ದೆ ಅನ್ನುವುದು ನಿಜ. ಹುಷಾರು, ಬೀಳ್ತೀಯ, ಬೇಡ, ಇಳಿ, ಹುಷಾರು. ಸೋಫಾ ಕೈ ಮೇಲೆ ಕೂತರೂ ಹುಷಾರು, ಬಿಸಿ ನೀರಿನ ಹತ್ತಿರ ಹೋದರೂ ಹುಷಾರು. ಎರಡೂ ಒಂದೇ ಸ್ವರ. ಅವಳಿಗೆ ಅದು ಫ್ಯಾನಿನ ಸದ್ದಿನ ಹಾಗೆ ಆಗಿಹೋಗಿತ್ತು.

ಮುಲಾಮಿಗೆ ಹೋಗದವುಗಳ ಪಟ್ಟಿ ಅಷ್ಟೇನೂ ಉದ್ದವಿರಲಿಲ್ಲ. ನೀರು, ಬೆಂಕಿ ಮತ್ತು ಬಿಸಿ, ವಿಷ, ಉಸಿರು ಕಟ್ಟುವುದು, ಎತ್ತರದಿಂದ ಬೀಳುವುದು, ಮೇಲೆ ಬೀಳುವ ಭಾರ, ಕರೆಂಟು. ನೀರಿನ ವಿಷಯದಲ್ಲಿ ನಾನು ಕಲಿತದ್ದು ಬಕೆಟ್ಟಿನಿಂದ. ನೆಲ ಒರೆಸಿದ ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರಿತ್ತು. ಚಿಕ್ಕವನು ಅದರ ಅಂಚು ಹಿಡಿದು ನಿಂತು, ಒಳಗೆ ಬಗ್ಗಿ ತನ್ನ ಮುಖ ನೋಡುತ್ತಿದ್ದ. ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ತಲೆಕೆಳಗಾಗಿ ಬಿದ್ದರೆ ತಾನಾಗಿ ಎದ್ದು ಬರಲು ತೋಳಿನಲ್ಲಿ ಬಲ ಇರುವುದಿಲ್ಲ. ಮುಖ ಮುಚ್ಚುವಷ್ಟು, ಎರಡು ಮೂರು ಸೆಂಟಿಮೀಟರ್ ನೀರು ಸಾಕು. ಸದ್ದೂ ಇರುವುದಿಲ್ಲ. ಈಗ ಕೆಲಸ ಮುಗಿದ ಕೂಡಲೇ ಬಕೆಟ್ ಖಾಲಿ, ಬೋರಲು. ಗೀಸರನ್ನು 49 ಡಿಗ್ರಿಗೆ ಇಳಿಸಿದೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಮಕ್ಕಳ ಚರ್ಮ ಇನ್ನೂ ತೆಳು.

ಇಷ್ಟೆಲ್ಲ ಮಾಡಿಯೂ ಒಂದು ಸಂಜೆ ಇಬ್ಬರೂ ನಮ್ಮ ಕೈ ತಪ್ಪಿದರು. ನಾನು ಹೆಂಡತಿ ನೋಡ್ತಿದ್ದಾಳೆ ಅಂದುಕೊಂಡೆ. ಅವಳು ನಾನು ನೋಡ್ತಿದ್ದೀನಿ ಅಂದುಕೊಂಡಳು. ಮನೆಯಲ್ಲಿ ಇಬ್ಬರು ದೊಡ್ಡವರಿದ್ದಾಗಲೇ ಮಕ್ಕಳನ್ನು ನೋಡುವವರು ಯಾರೂ ಇರಲಿಲ್ಲ. ಮೆಟ್ಟಿಲ ಗೇಟು ಹಾಕಿರಲಿಲ್ಲ. ಚಿಕ್ಕವನು ಆರನೇ ಮೆಟ್ಟಿಲಲ್ಲಿ, ಮಗಳು ಅವನ ಹಿಂದೆ ಅಂಗಿ ಹಿಡಿದುಕೊಂಡು, "ಅಮ್ಮಾ, ತಮ್ಮನ್ನ ನಾನೇ ಹಿಡ್ಕೊಂಡಿದೀನಿ!" ಅಂತ ಹೆಮ್ಮೆಯಿಂದ ಕೂಗಿದಳು. ಮೂರು ವರ್ಷವೂ ತುಂಬದ ಕಾವಲು.

ಈ ವಿಷಯ ಅಧ್ಯಯನ ಮಾಡುವವರು ನಿಗಾ ಅನ್ನುವುದನ್ನು ಮೂರು ಭಾಗ ಮಾಡುತ್ತಾರೆ: ಗಮನ, ಎಷ್ಟು ಹತ್ತಿರ ಇದ್ದೀರಿ, ಎಷ್ಟು ಹೊತ್ತು ಬಿಡದೆ ನೋಡುತ್ತೀರಿ. ಕಪಾಟಿನ ದಿನ ನಾನು ಹತ್ತಿರ ಇದ್ದೆ, ಗಮನ ಇರಲಿಲ್ಲ. ಎಷ್ಟೋ ಸಲ ಗಮನ ಇರುತ್ತದೆ, ಆದರೆ ನಾನು ಪಾತ್ರೆ ತೊಳೆಯುವ ಜಾಗದಲ್ಲಿ, ಅವರು ಹಜಾರದ ಆ ಮೂಲೆಯಲ್ಲಿ. ಕೆನಡಾದ ಬಾರ್ಬರಾ ಮೊರೊಂಜಿಯೆಲ್ಲೊ ಅನ್ನುವ ಮನಶ್ಶಾಸ್ತ್ರಜ್ಞೆ ಈ ನಿಗಾ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಣ್ಣ ಅಕ್ಕಂದಿರು ನೋಡಿಕೊಳ್ಳುವಾಗ ಚಿಕ್ಕವರು ಹೆಚ್ಚು ಅಪಾಯಕ್ಕೆ ಕೈ ಹಾಕುತ್ತಾರೆ ಅಂತ ಅವರು ಕಂಡುಕೊಂಡದ್ದನ್ನು ಓದಿದಾಗ ನನಗೆ ಆರನೇ ಮೆಟ್ಟಿಲು ಕಣ್ಣ ಮುಂದೆ ಬಂತು.

ಆಮೇಲೆ ನಾವು ಬಾಯಿಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಂಡೆವು. "ಈಗ ನೀನು." "ಹ್ಞೂ, ಈಗ ನಾನು." ಉತ್ತರ ಬರುವವರೆಗೆ ಕೈ ಬಿಡುವ ಹಾಗಿಲ್ಲ. ಮೊದಲ ವಾರ ನಾಟಕದ ಮಾತಿನಂತೆ ಕೇಳಿಸುತ್ತಿತ್ತು. ಫೋನು ಬಂದರೆ, ಬಾಗಿಲು ತಟ್ಟಿದರೆ, ಬಾತ್‌ರೂಮಿಗೆ ಹೋಗಬೇಕಾದರೆ, ಒಬ್ಬನೇ ಇದ್ದಾಗ ಚಿಕ್ಕವನನ್ನು ಕಟಕಟೆಯಿರುವ ಅವನ ತೊಟ್ಟಿಲ ಮಂಚಕ್ಕೆ ಹಾಕಿ ಹೋಗುತ್ತೇನೆ. ಅಳುತ್ತಾನೆ. ಅಳುವ ಸದ್ದು ಕೇಳಿಸುತ್ತಿದೆ ಅಂದರೆ ಅವನು ಅಲ್ಲೇ ಇದ್ದಾನೆ ಅಂತ.

ಮೆಟ್ಟಿಲಿಗೆ ಗೇಟು ಬಂತು. ಕೆಳಗೆ ಒತ್ತಡದ ಮೇಲೆ ನಿಲ್ಲುವ ಥರದ್ದು ನಡೆಯುತ್ತದೆ. ಮೇಲ್ತುದಿಗೆ ಮಾತ್ರ ಗೋಡೆಗೆ ಸ್ಕ್ರೂ ಹಾಕುವಂಥದ್ದೇ ಬೇಕು. ಒತ್ತಡದ ಗೇಟನ್ನು ಮಗು ಮೈಭಾರ ಹಾಕಿ ತಳ್ಳಿದರೆ ಗೇಟಿನ ಜೊತೆಗೇ ಉರುಳುತ್ತದೆ. ಇದೇ ಸಮಯಕ್ಕೆ ಒಬ್ಬರು ಚಿಕ್ಕವನಿಗೆ ಚಕ್ರದ ವಾಕರ್ ಉಡುಗೊರೆ ಕೊಟ್ಟರು. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಒಂದು ಸೆಕೆಂಡಿನಲ್ಲಿ ಮಗು ಮೆಟ್ಟಿಲ ತುದಿಗೆ ಹೋಗಿರುತ್ತದೆ. ಥ್ಯಾಂಕ್ಸ್ ಹೇಳಿ, ಚಕ್ರ ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಅತ್ತೆ ಬಂದಾಗಿನದು ಸೂಕ್ಷ್ಮ ಪ್ರಸಂಗ. ಅವರ ಹ್ಯಾಂಡ್‌ಬ್ಯಾಗಿನಲ್ಲಿ ಬಿಪಿ ಮಾತ್ರೆ ಇರುತ್ತದೆ, ವಾರದ ಏಳು ಖಾನೆಯ ಡಬ್ಬಿಯಲ್ಲಿ. ಆ ಡಬ್ಬಿಗೆ ಭದ್ರ ಮುಚ್ಚಳ ಇರುವುದಿಲ್ಲ, ಟಕ್ ಅಂತ ತೆರೆಯುತ್ತದೆ. ಬ್ಯಾಗು ನೆಲದ ಮೇಲೆ. ಮಕ್ಕಳ ಪಾಲಿಗೆ ಅಜ್ಜಿಯ ಬ್ಯಾಗು ಅಂದರೆ ನಿಧಿ. ಅತ್ತೆಗೆ ಹೇಗೆ ಹೇಳುವುದು? ಇಬ್ಬರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರು. "ಅಮ್ಮಾ, ನಿಮ್ಮ ಬ್ಯಾಗಿಗೆ ಒಂದು ಮೊಳೆ ಹೊಡೆದಿದ್ದೀನಿ, ಮೇಲೆ ನೋಡಿ" ಅಂದೆ. ಬಾಗಿಲ ಪಕ್ಕ, ನನ್ನ ತಲೆಯ ಎತ್ತರಕ್ಕೆ. ಅವರು ಮೊಳೆ ನೋಡಿದರು, ನನ್ನನ್ನು ನೋಡಿದರು. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ" ಅಂದರು. ಆದರೆ ತಾವೇ ಬ್ಯಾಗು ನೇತುಹಾಕಿದರು. ಈಗ ನೆಂಟರೆಲ್ಲರ ಬ್ಯಾಗೂ ಅಲ್ಲೇ.

ಮುಚ್ಚುವುದೆಲ್ಲ ಮುಚ್ಚಿದ ಮೇಲೂ ಮಗಳು ಹತ್ತುವುದನ್ನು ಬಿಡಲಿಲ್ಲ. ಬಿಡುವುದೂ ಇಲ್ಲ ಅಂತ ನನಗೆ ತಡವಾಗಿ ಅರ್ಥವಾಯಿತು. ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಅನ್ನುವವರು 2007ರಲ್ಲಿ ಮಕ್ಕಳ ಸಾಹಸದ ಆಟಗಳನ್ನು ಆರು ಬಗೆ ಮಾಡಿದರು: ಎತ್ತರ, ವೇಗ, ಅಪಾಯದ ಸಲಕರಣೆ, ನೀರು ಬೆಂಕಿಯಂಥ ಅಪಾಯದ ಜಾಗ, ಕುಸ್ತಿ ಗುದ್ದಾಟ, ಕಣ್ಮರೆಯಾಗುವುದು. ಓದುತ್ತಾ ಬೆರಳು ಮಡಚಿದೆ. ಮಗಳು ಆರಕ್ಕೆ ಆರೂ. ಇದು ನನ್ನ ಮಗಳ ಹಟವಲ್ಲ, ಮಕ್ಕಳು ಅಂದರೇ ಇದು ಅಂತ ಗೊತ್ತಾದಾಗ ಒಂಥರಾ ಸಮಾಧಾನ.

ಮೂಲೆಯಲ್ಲಿ ಹಳೆಯ ಹಾಸಿಗೆ ಹಾಕಿದೆ. ಅದರ ಮೇಲೆ ಮೂರು ಮೆಟ್ಟಿಲಿನ ಮರದ ಏಣಿ, ಗೋಡೆಗೆ ಭದ್ರವಾಗಿ ಸ್ಕ್ರೂ ಹಾಕಿದ್ದು. ಹತ್ತು, ಹಾರು, ಬೀಳು, ನಿನ್ನಿಷ್ಟ. "ಹುಷಾರು" ಅನ್ನುವುದರ ಬದಲು ಮಾಡಬೇಕಾದ್ದನ್ನು ಹೇಳಲು ಕಲಿತೆ. "ಎರಡೂ ಕೈಲಿ ಹಿಡ್ಕೋ." "ಕಾಲು ಎಲ್ಲಿಡ್ತೀಯ, ನೋಡ್ಕೋ." "ಇಳಿಯುವಾಗ ಹಿಂದೆ ತಿರುಗಿ ಇಳಿ." ಒಮ್ಮೆ ಅರ್ಧ ಹತ್ತಿ ನಿಂತು, ತಾನೇ ತನಗೆ "ಕಾಲು ಎಲ್ಲಿಡ್ತೀಯ" ಅಂತ ಗೊಣಗಿಕೊಂಡು ಕಾಲನ್ನು ಸರಿಸಿಟ್ಟಳು. ನಾನು ಉಸಿರು ಬಿಗಿಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ತುಟಿ ಒಮ್ಮೆ ಒಡೆಯಿತು, ಹಣೆ ಎರಡು ಸಲ ಊದಿತು. ಮುಲಾಮಿಗೆ ಹೋಯಿತು.

ಅಷ್ಟರಲ್ಲಿ ಚಿಕ್ಕವನು ಎದ್ದು ನಡೆದ. ತೆವಳುವಾಗ ಅವನು ಮಂಚದ ಅಂಚಿಗೆ ಬಂದರೆ ನಿಂತು, ಕೈಯಿಂದ ತಡವಿ, ಹಿಂದೆ ಸರಿಯುತ್ತಿದ್ದ. ಬುದ್ಧಿ ಬಂತು ಅಂದುಕೊಂಡಿದ್ದೆ. ನಡೆಯಲು ಶುರು ಮಾಡಿದ ಮೂರನೇ ದಿನ ಮಂಚದ ಮೇಲೆ ನಗುತ್ತಾ ನಡೆದು, ಅಂಚು ಇಲ್ಲವೇ ಇಲ್ಲ ಅನ್ನುವ ಹಾಗೆ ಗಾಳಿಗೆ ಕಾಲಿಟ್ಟ. ಹೆಂಡತಿ ಗಾಳಿಯಲ್ಲೇ ಹಿಡಿದಳು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. ತೆವಳುವಾಗ ಕಲಿತ ಅಂಚಿನ ಎಚ್ಚರ ನಡೆಯುವಾಗ ಕೈಗೆ ಬರುವುದಿಲ್ಲ. ಮಗು ಮತ್ತೆ ಮೊದಲಿಂದ ಕಲಿಯಬೇಕು. ನಾವೂ ಮತ್ತೆ ಮೊದಲಿಂದ, ಮಂಡಿಯೂರಿ ಅಲ್ಲ, ಈಗ ಬಗ್ಗಿ ನಡೆದು ಮನೆ ನೋಡಿದೆವು. ಮೇಜಿನ ಅಂಚಿನಲ್ಲಿಡುವ ಬಿಸಿ ಲೋಟಕ್ಕೆ ಅವನ ಕೈ ಈಗ ಎಟುಕುತ್ತಿತ್ತು.

ಅದನ್ನು ನೋಡಿಯೂ ಒಂದು ಸಲ ತಪ್ಪಿತು. ಲೋಟದ ಬಿಸಿ ನೀರು ಅವನ ಮುಂಗೈ ಮೇಲೆ ಚೆಲ್ಲಿತು. ಒಂದು ದಿನದ ಪ್ರಥಮ ಚಿಕಿತ್ಸೆ ತರಗತಿಗೆ ಇಬ್ಬರೂ ಹೋಗಿಬಂದಿದ್ದೆವು. ಉಸಿರು ಕಟ್ಟಿದರೆ ಬೆನ್ನಿಗೆ ಐದು ಪೆಟ್ಟು ಹೇಗೆ, ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತದೆ ಎದೆ ಒತ್ತುವುದು ಹೇಗೆ ಅಂತ ಗೊಂಬೆಯ ಮೇಲೆ ಕಲಿಸಿದ್ದರು. ಸುಟ್ಟ ಗಾಯದ ಪಾಠ ಆ ದಿನ ಕೈಗೆ ಬಂತು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಹರಿಯುವ ತಣ್ಣನೆ ನಲ್ಲಿ ನೀರು, 20 ನಿಮಿಷ. ಅಳುವ ಮಗುವಿನ ಕೈಯನ್ನು ನಲ್ಲಿ ಕೆಳಗೆ ಹಿಡಿದುಕೊಂಡು ನಿಂತರೆ 20 ನಿಮಿಷ ಅಂದರೆ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಮಗಳು ಪಕ್ಕದಲ್ಲಿ ನಿಂತು ಅವನಿಗೆ ಹಾಡು ಹೇಳಿದಳು, ಒಂದೇ ಹಾಡು, ಎಷ್ಟು ಸಲವೋ. ಆಮೇಲೆ ಡಾಕ್ಟರ ಹತ್ತಿರ ಹೋದೆವು. ಗುರುತೂ ಉಳಿಯಲಿಲ್ಲ.

ಇನ್ನೊಂದು ಚಿಕ್ಕ ಉಪಾಯ ಇದೆ, ಅದು ಪೂರ್ತಿ ನನ್ನದೇ. ನೆಲ ಗೀರಬಾರದು ಅಂತ ಸ್ಟೂಲು, ಕುರ್ಚಿಗಳ ಕಾಲಿಗೆ ಮೆತ್ತನೆ ಬಟ್ಟೆಯ ತುಂಡು ಅಂಟಿಸಿದ್ದೆವು. ಮಗಳು ಸ್ಟೂಲನ್ನು ಸದ್ದಿಲ್ಲದೆ ಅಡುಗೆ ಕಟ್ಟೆಗೆ ಜಾರಿಸಿಕೊಂಡು ಹೋಗುತ್ತಿದ್ದಳು. ಒಂದು ರಾತ್ರಿ ಕೂತು ಅಷ್ಟನ್ನೂ ಕಿತ್ತೆ. ಈಗ ಸ್ಟೂಲ್ ಅಲ್ಲಾಡಿದರೆ ಸಾಕು, ಕರ್‌ರ್‌ರ್ ಅಂತ ಇಡೀ ಮನೆಗೆ ಕೇಳಿಸುತ್ತದೆ. ನೆಲದ ತುಂಬ ಗೀರು. ನಮಗೆ ಅದೇ ಗಂಟೆ. ಆರು ತಿಂಗಳಿಂದ ಆ ಸದ್ದು ನಮ್ಮನ್ನು ಎಷ್ಟು ಸಲ ಎಬ್ಬಿಸಿದೆಯೋ.

ನಿನ್ನೆ ಸಂಜೆ ಸದ್ದೇ ಇರಲಿಲ್ಲ. ಆದರೂ ಯಾಕೋ ಹೋಗಿ ನೋಡಿದೆ. ಮೂರು ವರ್ಷದ ಮಗಳು ಸ್ಟೂಲನ್ನು ಎರಡೂ ಕೈಯಲ್ಲಿ ತಬ್ಬಿ, ನೆಲಕ್ಕೆ ತಾಗದ ಹಾಗೆ ಎತ್ತಿಕೊಂಡು, ತುದಿಗಾಲಿನಲ್ಲಿ ಅಡುಗೆಮನೆ ಕಡೆಗೆ ಹೋಗುತ್ತಿದ್ದಳು. ಹಿಂದೆ ತಮ್ಮ, ಅವನೂ ತುದಿಗಾಲಿನಲ್ಲಿ.